ಚರ್ಮರೇಖೆಗಳು ಮತ್ತು ಸ್ವಲೀನತೆ

ಮನುಷ್ಯನ ಬೆರಳ ತುದಿಗಳಲ್ಲಿಯೂ ಅಂಗೈ ಅಂಗಾಲುಗಳಲ್ಲಿಯೂ ಚರ್ಮವು ನುಣುಪಾಗಿರದೆ, ಸೂಕ್ಷ್ಮವಾದ ಉಬ್ಬುಗೆರೆಗಳಾಗಿಯೂ ಅವುಗಳ ನಡುವಣ ತಗ್ಗುಗಳಾಗಿಯೂ ವಿಂಗಡಗೊಂಡು, ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾದ ವಿನ್ಯಾಸಗಳನ್ನು ತಳೆದಿರುವುದು. ಈ ವಿನ್ಯಾಸಗಳಿಗೆ ಚರ್ಮರೇಖೆಗಳೆಂದೂ ಅವುಗಳ ವ್ಯಾಸಂಗಕ್ಕೆ ಚರ್ಮರೇಖಾಶಾಸ್ತ್ರ ಅಥವಾ ಡರ್ಮಟೋಗ್ಲಿಫಿಕ್ಸ್ ಎಂದೂ ಹೆಸರು. ಸ್ವಲೀನತೆ ಅಥವಾ ಆಟಿಸಂ ಎಂಬುದು ಶೈಶವದಲ್ಲಿಯೇ ತೋರಿಬರುವ, ಮಾತು, ನೋಟ, ಸಂಜ್ಞೆಗಳ ಮೂಲಕ ಇತರರೊಡನೆ ಬೆರೆಯುವ ಬಗೆಯಲ್ಲಿ ಭಿನ್ನತೆಯನ್ನೂ, ಒಂದೇ ಕ್ರಿಯೆಯ ಪುನರಾವರ್ತನೆಯನ್ನೂ, ಬದಲಾವಣೆಯನ್ನು ಸಹಿಸದ ನಿಯಮನಿಷ್ಠೆಯನ್ನೂ ಲಕ್ಷಣಗಳಾಗಿ ಉಳ್ಳ ಬೆಳವಣಿಗೆಯ ಸ್ಥಿತಿ. ಮೇಲುನೋಟಕ್ಕೆ ಪರಸ್ಪರ ಸಂಬಂಧವೇ ಇಲ್ಲದಂತೆ ಕಾಣುವ ಈ ಎರಡನ್ನೂ ಒಟ್ಟಿಗಿಟ್ಟು ನೋಡುವ ಪ್ರಯತ್ನವು 1970ರ ದಶಕದಿಂದ ನಡೆದುಬಂದಿದೆ. ಕೈಯ ಗೆರೆಗಳೂ ಮೆದುಳಿನ ಮುಖ್ಯ ರಚನೆಯೂ ತಾಯಿಯ ಗರ್ಭದಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ರೂಪುಗೊಳ್ಳುವುದರಿಂದ, ಒಂದರಲ್ಲಿ ಉಂಟಾದ ವ್ಯತ್ಯಯಕ್ಕೆ ಇನ್ನೊಂದು ಸಾಕ್ಷಿಯಾಗಬಹುದೆ ಎಂಬುದೇ ಆ ಪ್ರಯತ್ನದ ಮೂಲದಲ್ಲಿರುವ ಪ್ರಶ್ನೆ.

ಕೈರೇಖೆಗಳನ್ನು ಭವಿಷ್ಯಕಥನಕ್ಕೆ ಬಳಸುವ ಸಾಮುದ್ರಿಕದ ಪದ್ಧತಿ ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಬೆರಳ ತುದಿಯ ಶಂಖ ಚಕ್ರಗಳನ್ನು ಎಣಿಸಿ ಮಗುವಿನ ಭಾಗ್ಯವನ್ನು ಹೇಳುವ ವಾಡಿಕೆ ಕನ್ನಡನಾಡಿನ ಮನೆಗಳಲ್ಲಿ ಈಗಲೂ ಉಂಟು. ವಿಜ್ಞಾನದ ದೃಷ್ಟಿ ಅಲ್ಲಿಂದ ಹುಟ್ಟಿದುದಲ್ಲ. 1684ರಲ್ಲಿ ಇಂಗ್ಲೆಂಡಿನ ನೆಹೆಮಿಯ ಗ್ರೂ ಎಂಬಾತನು ಉಬ್ಬುಗೆರೆಗಳನ್ನೂ ಅವುಗಳ ಮೇಲಿನ ಬೆವರು ರಂಧ್ರಗಳನ್ನೂ ವರ್ಣಿಸಿದನು. 1823ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾಲಯದ ಪುರ್ಕಿನ್ಯೆ ಬೆರಳ ವಿನ್ಯಾಸಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿದನು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಯ ಸಾಮಗ್ರಿಯನ್ನು ಒದಗಿಸುವ ಕರಾರಿನ ಮೇಲೆ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡುದು ಬೆರಳಚ್ಚಿನ ಇತಿಹಾಸದಲ್ಲಿ ಪ್ರಸಿದ್ಧವಾದ ಘಟನೆ. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ನನ ಗ್ರಂಥ ಹೊರಬಂದಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾಯಿತು. ಅಲ್ಲಿಯ ವರ್ಗೀಕರಣ ಪದ್ಧತಿಗೆ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಂದಿತಾದರೂ, ಅದರ ಗಣಿತವನ್ನು ಕಟ್ಟಿಕೊಟ್ಟವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಮುಖ್ಯರೆಂಬುದನ್ನು ಇಲ್ಲಿ ಸ್ಮರಿಸುವುದು ನ್ಯಾಯ. ಇವರೆಲ್ಲರ ಗಮನ ವ್ಯಕ್ತಿಯ ಗುರುತಿನ ಮೇಲಿತ್ತು. ಗೆರೆಗಳನ್ನು ಜೀವಶಾಸ್ತ್ರದ ಮತ್ತು ವೈದ್ಯದ ವಿಷಯವನ್ನಾಗಿ ಮಾಡಿದ ಕೀರ್ತಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾಲಯದ ಹೆರಾಲ್ಡ್ ಕಮಿನ್ಸ್‌ಗೆ ಸಲ್ಲುತ್ತದೆ. 1926ರಲ್ಲಿ ಚಾರ್ಲ್ಸ್ ಮಿಡ್ಲೋ ಜೊತೆಗೂಡಿ ಈ ಶಾಸ್ತ್ರಕ್ಕೆ ಇಂದಿನ ಹೆಸರನ್ನಿಟ್ಟವರು ಅವರೇ.

ಬೆರಳ ತುದಿಯ ವಿನ್ಯಾಸಗಳು ಸ್ಥೂಲವಾಗಿ ಮೂರು ಬಗೆ. ಗೆರೆಗಳು ಒಂದು ಪಕ್ಕದಿಂದ ಹೊರಟು ನಡುವೆ ಮೇಲೆದ್ದು ಇನ್ನೊಂದು ಪಕ್ಕಕ್ಕೆ ಇಳಿದರೆ ಕಮಾನು. ಹೊರಟ ಪಕ್ಕಕ್ಕೇ ಬಾಗಿ ಹಿಂದಿರುಗಿದರೆ ಕುಣಿಕೆ. ಒಂದು ಕೇಂದ್ರವನ್ನು ಬಳಸಿ ಸುತ್ತಿದರೆ ಸುಳಿ. ಕುಣಿಕೆಗಳು ಅತ್ಯಧಿಕ, ಸುಳಿಗಳು ಅದಕ್ಕಿಂತ ಕಡಿಮೆ, ಕಮಾನುಗಳು ವಿರಳ. ಮೂರು ದಿಕ್ಕುಗಳಿಂದ ಬಂದ ಗೆರೆಗಳು ಸಂಧಿಸುವ ತಾಣಕ್ಕೆ ತ್ರಿಸಂಧಿಯೆನ್ನಬಹುದು. ಅಲ್ಲಿಂದ ವಿನ್ಯಾಸದ ಕೇಂದ್ರದವರೆಗೆ ಅಡ್ಡಬರುವ ಗೆರೆಗಳನ್ನೆಣಿಸಿ ಹತ್ತು ಬೆರಳುಗಳಿಗೂ ಕೂಡಿಸಿದರೆ ಒಟ್ಟು ಗೆರೆಯೆಣಿಕೆ ದೊರೆಯುತ್ತದೆ. ಲಂಡನ್ನಿನ ಸಾರಾ ಹೋಲ್ಟ್ ಬ್ರಿಟಿಷ್ ಜನರಲ್ಲಿ ಮಾಡಿದ ಲೆಕ್ಕದಂತೆ ಇದರ ಸರಾಸರಿ ಪುರುಷರಲ್ಲಿ ಸುಮಾರು 145, ಸ್ತ್ರೀಯರಲ್ಲಿ ಸುಮಾರು 127. ಅಂಗೈಯಲ್ಲಿ ತೋರುಬೆರಳಿನಿಂದ ಕಿರುಬೆರಳಿನವರೆಗಿನ ನಾಲ್ಕು ಬೆರಳುಗಳ ಬುಡದಲ್ಲಿ ನಾಲ್ಕು ತ್ರಿಸಂಧಿಗಳೂ, ಮಣಿಕಟ್ಟಿನ ಸಮೀಪದಲ್ಲಿ ಇನ್ನೊಂದೂ ಇರುವುವು; ಈ ಕೆಳಗಿನ ತ್ರಿಸಂಧಿಯನ್ನು ಶೃಂಗವಾಗಿಟ್ಟುಕೊಂಡು, ತೋರುಬೆರಳ ಮತ್ತು ಕಿರುಬೆರಳ ಬುಡದ ತ್ರಿಸಂಧಿಗಳಿಗೆ ಎಳೆದ ರೇಖೆಗಳ ನಡುವಣ ಕೋನವು ಚರ್ಮರೇಖಾಶಾಸ್ತ್ರದ ಬಹುಮುಖ್ಯವಾದ ಅಳತೆಗಳಲ್ಲೊಂದು. ಇವಲ್ಲದೆ ಎಡ ಬಲ ಕೈಗಳ ನಡುವಣ ಅಸಮತೆ, ಗೆರೆಗಳು ತುಂಡುತುಂಡಾಗಿ ಒಡೆದಿರುವುದು, ಅಂಗೈಯ ಎರಡು ಅಡ್ಡ ಮಡಿಕೆಗಳು ಸೇರಿ ಒಂದೇ ಮಡಿಕೆಯಾಗಿರುವುದು ಮೊದಲಾದುವನ್ನೂ ಸಂಶೋಧಕರು ಗುರುತಿಸುತ್ತಾರೆ.

ಗರ್ಭದಲ್ಲಿ ಈ ಗೆರೆಗಳು ಮೂಡುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ತಿಳಿಯಬೇಕು, ಏಕೆಂದರೆ ಸ್ವಲೀನತೆಯೊಡನೆ ಕಲ್ಪಿಸಲಾಗಿರುವ ಸಂಬಂಧವೆಲ್ಲವೂ ಈ ಕಾಲಗಣನೆಯ ಮೇಲೆ ನಿಂತಿದೆ. ಆರು ಏಳನೆಯ ವಾರದ ಹೊತ್ತಿಗೆ ಭ್ರೂಣದ ಅಂಗೈಯಲ್ಲಿಯೂ ಬೆರಳ ತುದಿಗಳಲ್ಲಿಯೂ ಚರ್ಮದ ಕೆಳಗಣ ಅಂಗಾಂಶ ಉಬ್ಬಿ ಸಣ್ಣ ದಿಂಬುಗಳಂತಹ ರಚನೆಗಳಾಗುವುವು. ಕೆಲವು ವಾರಗಳ ಅನಂತರ ಕೈ ಬೆಳೆಯುತ್ತ ಹೋದಂತೆ ಈ ಉಬ್ಬುಗಳು ತಗ್ಗುತ್ತವೆ. ತಗ್ಗುತ್ತಿರುವ ಆ ಕಾಲದಲ್ಲಿಯೇ, ಎಂದರೆ ಹತ್ತು ಹನ್ನೊಂದನೆಯ ವಾರದಲ್ಲಿ, ಹೊರಚರ್ಮದ ತಳಪದರದಲ್ಲಿ ಪ್ರಾಥಮಿಕ ಗೆರೆಗಳು ತಲೆದೋರುತ್ತವೆ. ಉಬ್ಬು ಎತ್ತರವಾಗಿಯೂ ಸಮಾಂಗವಾಗಿಯೂ ಇರುವಾಗ ಗೆರೆಗಳು ಮೂಡಿದರೆ ಸುಳಿಯೂ, ಒಂದು ಪಕ್ಕಕ್ಕೆ ವಾಲಿರುವಾಗ ಮೂಡಿದರೆ ಕುಣಿಕೆಯೂ, ಹೆಚ್ಚುಕಡಿಮೆ ಚಪ್ಪಟೆಯಾದ ಮೇಲೆ ಮೂಡಿದರೆ ಕಮಾನೂ ಉಂಟಾಗುವುವು. ಸುಮಾರು ಹದಿನೇಳನೆಯ ವಾರಕ್ಕೆ ಪ್ರಾಥಮಿಕ ಗೆರೆಗಳ ರಚನೆ ಮುಗಿಯುತ್ತದೆ. ಇಪ್ಪತ್ತನಾಲ್ಕನೆಯ ವಾರದ ಹೊತ್ತಿಗೆ ಎಲ್ಲವೂ ಸ್ಥಿರಗೊಂಡು, ಮುಂದೆ ಕೈ ಎಷ್ಟೇ ದೊಡ್ಡದಾಗಲಿ, ಆಳವಾದ ಗಾಯದ ಹೊರತು ಬೇರೆ ಯಾವುದರಿಂದಲೂ ವಿನ್ಯಾಸ ಬದಲಾಗುವುದಿಲ್ಲ. 2023ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ಗೆರೆಗಳು ಉಬ್ಬಿನ ನಡುವಿನಿಂದ, ಉಗುರಿನ ಸಮೀಪದಿಂದ, ಬೆರಳ ಸಂದಿನ ಮಡಿಕೆಯಿಂದ ಅಲೆಗಳಾಗಿ ಹರಡಿ ಪರಸ್ಪರ ಸಂಧಿಸುವುದನ್ನೂ, ಆ ಅಲೆಗಳನ್ನು ಕೆಲವು ರಾಸಾಯನಿಕ ಸಂಕೇತಗಳು ಹಿಗ್ಗಿಸಿ ತಗ್ಗಿಸುವುದನ್ನೂ ತೋರಿಸಿತು. ಇದೇ ಅವಧಿಯಲ್ಲಿ ಗರ್ಭಸ್ಥ ಶಿಶುವಿನ ಮೆದುಳಿನಲ್ಲಿ ನರಕೋಶಗಳು ಹುಟ್ಟಿ, ತಮ್ಮ ಉಗಮಸ್ಥಾನದಿಂದ ಹೊರಪದರದ ಕಡೆಗೆ ಸಾಗಿ ನೆಲೆಗೊಳ್ಳುತ್ತಿರುತ್ತವೆ. ಹೊರಚರ್ಮವೂ ನರಮಂಡಲವೂ ಭ್ರೂಣದ ಒಂದೇ ಹೊರಪದರದಿಂದ ಹೊಮ್ಮಿದುವು ಎಂಬ ಅಂಶವೂ ಇದಕ್ಕೆ ಸೇರಿದಾಗ, ಕೈಯನ್ನು ನೋಡಿ ಮೆದುಳಿನ ಬೆಳವಣಿಗೆಯ ಬಗ್ಗೆ ಏನನ್ನಾದರೂ ತಿಳಿಯಬಹುದೆಂಬ ಆಸೆ ಹುಟ್ಟಿದುದು ಸಹಜವೇ ಆಗಿದೆ.

ವಿನ್ಯಾಸಗಳಲ್ಲಿ ಆನುವಂಶೀಯತೆಯ ಪಾತ್ರ ದೊಡ್ಡದು. ಹೋಲ್ಟ್ ಕಂಡಂತೆ ಏಕಾಂಡಜ ಅವಳಿಗಳ ಒಟ್ಟು ಗೆರೆಯೆಣಿಕೆಗಳು ಒಂದನ್ನೊಂದು 0.95ರಷ್ಟು ಅನುಸರಿಸುತ್ತವೆ; ತಂದೆತಾಯಿಗಳಿಗೂ ಮಕ್ಕಳಿಗೂ ನಡುವೆ ಈ ಸಂಬಂಧ 0.48. ಹೀಗಿದ್ದರೂ ಏಕಾಂಡಜ ಅವಳಿಗಳ ಬೆರಳಚ್ಚುಗಳು ಎಂದಿಗೂ ಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಗರ್ಭದೊಳಗಣ ಸ್ಥಾನ, ರಕ್ತಸಂಚಾರ, ಸೋಂಕು ಮುಂತಾದ ಸಂದರ್ಭಗಳು ಸೂಕ್ಷ್ಮ ವಿವರಗಳಲ್ಲಿ ತಮ್ಮ ಗುರುತನ್ನು ಬಿಡುತ್ತವೆ. 2022ರಲ್ಲಿ ಶಾಂಘೈನ ಸಂಶೋಧಕರನ್ನೊಳಗೊಂಡ ತಂಡವೊಂದು ಬೆರಳ ವಿನ್ಯಾಸದ ಮೇಲೆ ಪ್ರಭಾವ ಬೀರುವ 43 ವಂಶವಾಹಿ ಪ್ರದೇಶಗಳನ್ನು ಗುರುತಿಸಿತು. ಅಲ್ಲಿಯ ವಂಶವಾಹಿಗಳು ಬಹುಮಟ್ಟಿಗೆ ಕೈಕಾಲುಗಳ ರಚನೆಗೆ ಸಂಬಂಧಿಸಿದುವಾಗಿದ್ದುವೆಂಬುದು, ಬೆರಳ ಗೆರೆಯು ಮೊದಲಿಗೆ ಕೈಯ ಕಥೆಯೇ ಹೊರತು ಮೆದುಳಿನ ಕಥೆಯಲ್ಲವೆಂಬುದನ್ನು ನೆನಪಿಗೆ ತರುತ್ತದೆ.

ಈ ಶಾಸ್ತ್ರಕ್ಕೆ ವೈದ್ಯರಂಗದಲ್ಲಿ ಗೌರವ ದೊರೆತುದು ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯ ಮೂಲಕ. 1930ರ ದಶಕದಲ್ಲಿ ಕಮಿನ್ಸ್ ಈ ಮಕ್ಕಳ ಕೈಗಳನ್ನು ಪರೀಕ್ಷಿಸಿ ವಿಶಿಷ್ಟವಾದೊಂದು ಲಕ್ಷಣಸಮುಚ್ಚಯವನ್ನು ಕಂಡರು: ಬೆರಳುಗಳಲ್ಲಿ ಬಹುಪಾಲು ಕಿರುಬೆರಳ ಕಡೆಗೆ ತೆರೆದ ಕುಣಿಕೆಗಳು, ಅಂಗೈಯ ಕೆಳಗಿನ ತ್ರಿಸಂಧಿ ಮಣಿಕಟ್ಟನ್ನು ಬಿಟ್ಟು ಮೇಲಕ್ಕೆ ಸರಿದಿರುವುದು, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಒಂಟಿ ಅಡ್ಡಮಡಿಕೆ. ತ್ರಿಸಂಧಿ ಮೇಲೇರಿದಂತೆ ಮೇಲೆ ಹೇಳಿದ ಕೋನವು ಹಿಗ್ಗಿ, ಸಾಮಾನ್ಯರಲ್ಲಿ 45 ಡಿಗ್ರಿಗಳ ಆಸುಪಾಸಿನಲ್ಲಿರುವುದು ಈ ಮಕ್ಕಳಲ್ಲಿ 80ರ ಸಮೀಪಕ್ಕೆ ಬರುತ್ತದೆ. 1957ರಲ್ಲಿ ಕೆನಡದ ಟೊರಾಂಟೊ ನಗರದ ನಾರ್ಮಾ ಫೋರ್ಡ್ ವಾಕರ್ ಈ ಲಕ್ಷಣಗಳನ್ನೆಲ್ಲ ಕೂಡಿಸಿ ಒಂದು ಸೂಚ್ಯಂಕವನ್ನು ರಚಿಸಿ, ಹತ್ತರಲ್ಲಿ ಸುಮಾರು ಏಳು ಮಕ್ಕಳನ್ನು ಕೇವಲ ಗೆರೆಗಳ ಆಧಾರದ ಮೇಲೆ ನಿಶ್ಚಯವಾಗಿ ಗುರುತಿಸಬಹುದೆಂದು ತೋರಿಸಿದರು. ಎರಡು ವರ್ಷಗಳ ಅನಂತರ, 1959ರಲ್ಲಿ, ಪ್ಯಾರಿಸಿನ ಜೆರೋಮ್ ಲೆಜ್ಯೂನ್ ಮತ್ತು ಸಹೋದ್ಯೋಗಿಗಳು ಇಪ್ಪತ್ತೊಂದನೆಯ ವರ್ಣತಂತುವಿನ ಮೂರನೆಯ ಪ್ರತಿಯೇ ಈ ಸ್ಥಿತಿಗೆ ಕಾರಣವೆಂಬುದನ್ನು ಪ್ರಕಟಿಸಿದರು. ವರ್ಣತಂತುಗಳನ್ನೇ ನೇರವಾಗಿ ಎಣಿಸುವ ಪರೀಕ್ಷೆ ದೊರೆತ ಮೇಲೆ ಗೆರೆಗಳ ಸೂಚ್ಯಂಕಕ್ಕೆ ನಿರ್ಣಾಯಕ ಸ್ಥಾನ ಉಳಿಯಲಿಲ್ಲ. ಲಯೊನೆಲ್ ಪೆನ್ರೋಸ್ ಮುಂತಾದವರು ಮುಂದುವರಿಸಿದ ಸಂಶೋಧನೆಯಿಂದ, ಎಕ್ಸ್ ವರ್ಣತಂತು ಒಂದೇ ಇರುವ ಟರ್ನರ್ ಸಿಂಡ್ರೋಮಿನಲ್ಲಿ ಗೆರೆಯೆಣಿಕೆ ಹೆಚ್ಚುವುದೂ, ಲಿಂಗವರ್ಣತಂತುಗಳು ಅಧಿಕವಾದಂತೆ ಅದು ಕುಗ್ಗುವುದೂ ತಿಳಿದುಬಂದಿತು. ಈ ಯಶಸ್ಸುಗಳೆಲ್ಲ ಒಂದು ಇಡೀ ವರ್ಣತಂತುವಿನ ಏರುಪೇರಿನಂತಹ, ದೇಹದ ಸಮಸ್ತ ಅಂಗಗಳನ್ನೂ ಮುಟ್ಟುವ ಏಕೈಕ ಕಾರಣವಿದ್ದಲ್ಲಿ ದೊರೆತುವೆಂಬುದನ್ನು ಓದುಗರು ಗಮನಿಸಬೇಕು. ಸ್ವಲೀನತೆಯಲ್ಲಿ ಅಂತಹ ಏಕೈಕ ಕಾರಣವಿಲ್ಲ.

ಬಾಲ್ಟಿಮೋರಿನ ಲಿಯೋ ಕ್ಯಾನರ್ 1943ರಲ್ಲಿ ಎಂಟು ಹುಡುಗರೂ ಮೂವರು ಹುಡುಗಿಯರೂ ಸೇರಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಸ್ವಲೀನತೆಗೆ ಪ್ರತ್ಯೇಕವಾದ ಸ್ಥಾನವನ್ನು ಕಲ್ಪಿಸಿದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ತತ್ಸಮಾನವಾದ ವರ್ಣನೆಯನ್ನಿತ್ತರು. ತಾಯಿಯ ಮಮತೆಯ ಕೊರತೆಯೇ ಇದಕ್ಕೆ ಕಾರಣವೆಂಬ ಕ್ರೂರವಾದ ಮತವೊಂದು ಆಮೇಲೆ ಹಲವು ವರ್ಷ ಪ್ರಬಲವಾಗಿದ್ದು, ಅಸಂಖ್ಯಾತ ತಾಯಂದಿರನ್ನು ನಿಷ್ಕಾರಣವಾಗಿ ನೋಯಿಸಿತು. 1977ರಲ್ಲಿ ಸೂಸನ್ ಫೋಲ್ಸ್ಟೀನ್ ಮತ್ತು ಮೈಕೆಲ್ ರಟರ್ ಅವಳಿಗಳ ಅಧ್ಯಯನದಿಂದ ಆನುವಂಶೀಯತೆಯ ಪಾತ್ರವನ್ನು ಎತ್ತಿತೋರಿದ ಮೇಲೆ ಆ ಮತ ಕುಸಿಯಿತು. 2019ರಲ್ಲಿ ಐದು ದೇಶಗಳ ಮಾಹಿತಿಯಿಂದ ಪ್ರಕಟವಾದ ಅಂದಾಜಿನಂತೆ ಆನುವಂಶೀಯತೆಯ ಪಾಲು ಶೇಕಡ 80ರಷ್ಟಿದೆ. ಆದರೆ ಆ ಪಾಲು ನೂರಾರು ವಂಶವಾಹಿಗಳಲ್ಲಿ ಹಂಚಿಹೋಗಿದೆ.

ಗರ್ಭಕಾಲದ ಆಘಾತಗಳೂ ಕೆಲವೆಡೆ ಸ್ವಲೀನತೆಗೆ ಕಾರಣವಾಗುವುದುಂಟು. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲ ಜ್ವರ ವ್ಯಾಪಕವಾಗಿ ಹರಡಿದಾಗ ಗರ್ಭದಲ್ಲಿ ಆ ಸೋಂಕಿಗೆ ಒಳಗಾದ 243 ಮಕ್ಕಳನ್ನು ನ್ಯೂಯಾರ್ಕಿನ ಸ್ಟೆಲ್ಲಾ ಚೆಸ್ ಪರೀಕ್ಷಿಸಿ, ಅವರಲ್ಲಿ ಸ್ವಲೀನತೆ ಅಸಾಧಾರಣವಾಗಿ ಅಧಿಕವಾಗಿರುವುದನ್ನು 1971ರಲ್ಲಿ ವರದಿ ಮಾಡಿದರು. ಗರ್ಭದಲ್ಲಿ ರುಬೆಲ್ಲಕ್ಕೆ ತುತ್ತಾದ ಮಕ್ಕಳ ಕೈಗಳಲ್ಲಿ ಅಸಾಮಾನ್ಯವಾದ ಚರ್ಮರೇಖೆಗಳಿರುವುದನ್ನು ಬೇರೆ ವೈದ್ಯರು 1966ರಲ್ಲಿಯೇ ಪ್ರಕಟಿಸಿದ್ದರು. ಒಂದೇ ಸೋಂಕು ಕೈಯನ್ನೂ ಮೆದುಳನ್ನೂ ಮುಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಇದಕ್ಕೆ ಪ್ರತಿಯಾಗಿ ನಿಲ್ಲುವ ಇನ್ನೊಂದು ನಿದರ್ಶನವೂ ಇದೆ. ಥಾಲಿಡೊಮೈಡ್ ಎಂಬ ಔಷಧಿಯಿಂದ ವಿಕಲಾಂಗರಾದವರನ್ನು ಸ್ವೀಡನ್ನಿನಲ್ಲಿ ಪರೀಕ್ಷಿಸಿದ ವೈದ್ಯರು, 1994ರ ತಮ್ಮ ವರದಿಯಲ್ಲಿ, ಅವರೊಳಗಣ ಸ್ವಲೀನರ ಶರೀರಲಕ್ಷಣಗಳನ್ನು ನೋಡಿದರೆ ಔಷಧಿಯ ಆಘಾತ ಗರ್ಭಧಾರಣೆಯ ಅನಂತರದ 20ರಿಂದ 24ನೆಯ ದಿನಗಳಷ್ಟು ಹಿಂದೆ ತಗುಲಿರಬೇಕೆಂದು ತರ್ಕಿಸಿದರು. ಬೆರಳುಗಳೇ ಮೂಡಿರದ ಕಾಲ ಅದು. ಆದುದರಿಂದ ಸ್ವಲೀನತೆಯ ಬೀಜ ಬೀಳುವ ಕಾಲವೂ ಗೆರೆಗಳು ಮೂಡುವ ಕಾಲವೂ ಎಲ್ಲ ಮಕ್ಕಳಲ್ಲಿಯೂ ಒಂದೇ ಎಂದು ಭಾವಿಸುವುದು ಸರಿಯಲ್ಲ.

ಸ್ವಲೀನ ಮಕ್ಕಳ ಕೈಗಳನ್ನೇ ನೇರವಾಗಿ ಪರೀಕ್ಷಿಸಿದ ಆರಂಭದ ಅಧ್ಯಯನಗಳಲ್ಲಿ ಎಚ್. ಎ. ವಾಕರ್ 1977ರಲ್ಲಿ ಪ್ರಕಟಿಸಿದುದು ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಇವರು ಮೇಲೆ ಹೇಳಿದ ಟೊರಾಂಟೊದ ವಾಕರ್ ಅಲ್ಲ. ಬೆರಳ ವಿನ್ಯಾಸಗಳ ಹಂಚಿಕೆಯಲ್ಲಿಯೂ ಗೆರೆಯೆಣಿಕೆಯಲ್ಲಿಯೂ ಸ್ವಲೀನ ಮಕ್ಕಳು ಇತರರಿಂದ ಬೇರೆಯಾಗಿರುವರೆಂದು ಆ ಲೇಖನ ಹೇಳಿತು. 1979ರಲ್ಲಿ ಹಾರ್ಟಿನ್ ಮತ್ತು ಬ್ಯಾರಿ ಸ್ವಲೀನ ಮಕ್ಕಳನ್ನು ಸಾಮಾನ್ಯ ಮಕ್ಕಳೊಡನೆ ಮಾತ್ರವಲ್ಲದೆ ಬುದ್ಧಿಮಾಂದ್ಯವುಳ್ಳ ಮಕ್ಕಳೊಡನೆಯೂ ಹೋಲಿಸಿದರು. ಇದು ಅವಶ್ಯಕವಾದ ಹೆಜ್ಜೆಯಾಗಿತ್ತು, ಏಕೆಂದರೆ ಕೈಯಲ್ಲಿ ಕಂಡ ವ್ಯತ್ಯಾಸವು ಸ್ವಲೀನತೆಗೆ ಸೇರಿದುದೊ, ಅದರ ಜೊತೆಗೆ ಕೆಲವರಲ್ಲಿ ಇರುವ ಬುದ್ಧಿಮಾಂದ್ಯಕ್ಕೆ ಸೇರಿದುದೊ ಎಂಬುದನ್ನು ಬೇರ್ಪಡಿಸದೆ ಯಾವ ತೀರ್ಮಾನಕ್ಕೂ ಬೆಲೆಯಿಲ್ಲ. 1990ರಲ್ಲಿ ಸ್ಪೇನಿನ ಬಾಸ್ಕ್ ಜನಾಂಗದ ಸ್ವಲೀನ ಮಕ್ಕಳನ್ನು ಕುರಿತ ಅಧ್ಯಯನವೂ, 2003ರಲ್ಲಿ ಕ್ರೊಯೇಷಿಯದಲ್ಲಿ ಮಕ್ಕಳ ಜೊತೆಗೆ ಅವರ ತಂದೆತಾಯಿಗಳ ಕೈಗಳನ್ನೂ ಸೇರಿಸಿಕೊಂಡ ಕುಟುಂಬ ವಿಶ್ಲೇಷಣೆಯೂ, ಹತ್ತು ವರ್ಷಗಳ ಮೇಲೆ ಸರ್ಬಿಯದ ಹುಡುಗರ ಅಧ್ಯಯನವೂ ಬಂದುವು. 2014ರಲ್ಲಿ ನೆದರ್ಲೆಂಡ್ಸಿನ ಡಿ ಬ್ರೌನ್ ಮತ್ತು ಸಂಗಡಿಗರು ಸಾಧಾರಣ ಬುದ್ಧಿಶಕ್ತಿಯುಳ್ಳ ಸ್ವಲೀನ ಹುಡುಗರನ್ನೇ ಆರಿಸಿಕೊಂಡು, ಅವರಲ್ಲಿಯೂ ಸೌಮ್ಯವಾದ ವ್ಯತ್ಯಾಸಗಳಿವೆಯೆಂದು ಕಂಡರು. ಇವೆಲ್ಲವುಗಳಲ್ಲಿ ಕುಟುಂಬ ವಿಶ್ಲೇಷಣೆಯ ಮಾರ್ಗವೇ ಹೆಚ್ಚು ಫಲಪ್ರದವೆಂದು ತೋರುತ್ತದೆ: ತಂದೆತಾಯಿಗಳ ಕೈಯಲ್ಲಿಯೂ ಅದೇ ವಿನ್ಯಾಸವಿದ್ದರೆ ಅದು ವಂಶದ ಗುಣವಿರಬಹುದೆಂದೂ, ಮಗುವಿನಲ್ಲಿ ಮಾತ್ರ ಇದ್ದರೆ ಗರ್ಭಕಾಲದ ಏರುಪೇರಿನ ಕುರುಹಿರಬಹುದೆಂದೂ ವಿವೇಚಿಸಲು ಅಲ್ಲಿ ಅವಕಾಶವಿದೆ.

ಇಷ್ಟು ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ, ಗುಂಪಿನ ಮಟ್ಟದಲ್ಲಿ ಏನೋ ಒಂದು ವ್ಯತ್ಯಾಸ ಪದೇಪದೇ ಕಾಣಿಸಿಕೊಳ್ಳುವುದಾದರೂ, ಡೌನ್ ಸಿಂಡ್ರೋಮಿನಲ್ಲಿ ಕಂಡಂತೆ ಎಲ್ಲ ದೇಶಗಳಲ್ಲಿಯೂ ಒಂದೇ ಆಗಿ ನಿಲ್ಲುವ ವಿಶಿಷ್ಟ ವಿನ್ಯಾಸವು ಸ್ವಲೀನತೆಗೆ ಇದುವರೆಗೆ ದೊರೆತಿಲ್ಲವೆಂದೇ ಹೇಳಬೇಕಾಗುತ್ತದೆ. ಕಾರಣಗಳು ಸ್ಪಷ್ಟವಾಗಿವೆ. ಸ್ತ್ರೀಯರಲ್ಲಿ ಕಮಾನುಗಳು ಹೆಚ್ಚು, ಗೆರೆಯೆಣಿಕೆ ಕಡಿಮೆ. ಸ್ವಲೀನತೆಯೆಂದು ಗುರುತಿಸಲ್ಪಟ್ಟವರಲ್ಲಾದರೊ ಹುಡುಗಿಯೊಬ್ಬಳಿಗೆ ಮೂವರು ನಾಲ್ವರು ಹುಡುಗರಿರುತ್ತಾರೆ. ಹೋಲಿಕೆಗಾಗಿ ತೆಗೆದುಕೊಂಡ ಗುಂಪಿನಲ್ಲಿ ಈ ಪ್ರಮಾಣವನ್ನು ಪಾಲಿಸದಿದ್ದರೆ ಲಿಂಗಭೇದವೇ ರೋಗಲಕ್ಷಣದಂತೆ ತೋರಿಬಿಡುವುದು. ಜನಾಂಗಗಳ ನಡುವೆಯೂ ಅಂತರವಿದ್ದು, ಪೂರ್ವ ಏಷ್ಯದ ಜನರಲ್ಲಿ ಸುಳಿಗಳು ಯುರೋಪಿನವರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಹತ್ತು ಬೆರಳು, ಎರಡು ಅಂಗೈ, ಹಲವು ಕೋನ, ಹಲವು ಎಣಿಕೆಗಳನ್ನು ಅಳೆದು ಎಲ್ಲವನ್ನೂ ಒಂದೊಂದಾಗಿ ಹೋಲಿಸಿದರೆ, ಕೇವಲ ಆಕಸ್ಮಿಕದಿಂದಲೇ ಕೆಲವು ವ್ಯತ್ಯಾಸಗಳು ಮಹತ್ತ್ವವುಳ್ಳವಾಗಿ ಕಾಣಿಸುವುವು. ಮಕ್ಕಳ ಸಂಖ್ಯೆ ನೂರರೊಳಗಿದ್ದಾಗಲಂತೂ ಈ ಅಪಾಯ ಇನ್ನೂ ಅಧಿಕ. ಎಲ್ಲಕ್ಕೂ ಮಿಗಿಲಾಗಿ, ಕ್ಯಾನರರ ಕಾಲದಲ್ಲಿ ಸ್ವಲೀನತೆಯೆಂದರೆ ಬಹು ಸಂಕುಚಿತವಾದ ಅರ್ಥವಿದ್ದು, 2013ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯ ಐದನೆಯ ಆವೃತ್ತಿ ಹೊರಬರುವ ಹೊತ್ತಿಗೆ ಅದು ವಿಶಾಲವಾದೊಂದು ವ್ಯಾಪ್ತಿಯಾಗಿ ಮಾರ್ಪಟ್ಟಿತು. 1977ರ ಮಕ್ಕಳೂ 2014ರ ಮಕ್ಕಳೂ ಒಂದೇ ಅಳತೆಗೋಲಿನಿಂದ ಆಯ್ದವರಲ್ಲ.

ಗುಂಪಿನ ವ್ಯತ್ಯಾಸ ನಿಜವಾಗಿದ್ದರೂ ಒಂದು ಮಗುವಿನ ವಿಷಯದಲ್ಲಿ ಅದು ಎಷ್ಟು ಹೇಳಬಲ್ಲುದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ನೂರರಲ್ಲಿ ಒಂದು ಮಗುವಿಗೆ ಸ್ವಲೀನತೆಯಿದೆಯೆಂದೂ, ಯಾವುದೋ ಒಂದು ರೇಖಾಚಿಹ್ನೆ ಸ್ವಲೀನ ಮಕ್ಕಳಲ್ಲಿ ನೂರಕ್ಕೆ 30 ಮಂದಿಯಲ್ಲಿಯೂ ಇತರರಲ್ಲಿ ನೂರಕ್ಕೆ 15 ಮಂದಿಯಲ್ಲಿಯೂ ಇದೆಯೆಂದೂ ಇಟ್ಟುಕೊಳ್ಳೋಣ. ಎರಡರಷ್ಟಿನ ಈ ಅಂತರ ಸಂಶೋಧನೆಯ ದೃಷ್ಟಿಯಿಂದ ಬಹು ದೊಡ್ಡದು. ಆದರೆ 10,000 ಮಕ್ಕಳ ಕೈ ನೋಡಿದಾಗ ಆ ಚಿಹ್ನೆ ಸಿಕ್ಕುವ 1,515 ಮಕ್ಕಳಲ್ಲಿ ಸ್ವಲೀನರು 30 ಮಂದಿ; ಉಳಿದ 1,485 ಮಕ್ಕಳ ಮನೆಗಳಿಗೆ ಸುಮ್ಮನೆ ಭಯವನ್ನು ಹಂಚಿದಂತಾಗುತ್ತದೆ. ಅಷ್ಟೇ ಶೋಚನೀಯವಾದುದೆಂದರೆ, ಚಿಹ್ನೆಯಿಲ್ಲದ 70 ಸ್ವಲೀನ ಮಕ್ಕಳ ತಂದೆತಾಯಿಗಳಿಗೆ ಸುಳ್ಳು ಸಮಾಧಾನ ದೊರೆತು, ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಒಂಟಿ ಅಡ್ಡಮಡಿಕೆಯಂತಹ ಪ್ರಸಿದ್ಧ ಚಿಹ್ನೆಯೇ ಯಾವ ತೊಂದರೆಯೂ ಇಲ್ಲದ ಜನರಲ್ಲಿ ನೂರಕ್ಕೆ ಕೆಲವರಲ್ಲಿ ಇರುವುದು. ಅದನ್ನು ಕಂಡು ಬೆಚ್ಚಬೇಕಾದ ಕಾರಣವಿಲ್ಲ.

ಹಾಗಾದರೆ ಈ ಸಂಶೋಧನೆಯೆಲ್ಲ ವ್ಯರ್ಥವೆ? ಹಾಗೆ ಹೇಳಲಾಗದು. ಕಿವಿಯ ಆಕಾರ, ಕಣ್ಣುಗಳ ಅಂತರ, ಬೆರಳ ಬಾಗು ಮುಂತಾದ ಚಿಕ್ಕಪುಟ್ಟ ಶಾರೀರಿಕ ಭೇದಗಳು ಸ್ವಲೀನತೆಯಲ್ಲಿ ಹೆಚ್ಚಾಗಿರುವುದನ್ನು 2010ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ದೃಢಪಡಿಸಿದೆ. ಚರ್ಮರೇಖೆಗಳೂ ಈ ಸಮುದಾಯಕ್ಕೆ ಸೇರಿದ ಸಾಕ್ಷಿಗಳು. ಸ್ವಲೀನತೆ ಹುಟ್ಟಿದ ಮೇಲೆ ಅಂಟಿಕೊಂಡುದಲ್ಲವೆಂದೂ, ಅದರ ಮೂಲ ಗರ್ಭದ ಮೊದಲ ತಿಂಗಳುಗಳಲ್ಲಿದೆಯೆಂದೂ, ತಾಯಿಯ ಲಾಲನೆಯನ್ನು ದೂಷಿಸುವುದು ಅನ್ಯಾಯವೆಂದೂ ಹೇಳುವ ಮಾತಿಗೆ ಇಂತಹ ಶಾರೀರಿಕ ಕುರುಹುಗಳು ತಮ್ಮ ಮಟ್ಟಿಗೆ ಬೆಂಬಲ ನೀಡುತ್ತವೆ. ಒಂದೇ ಹೆಸರಿನಡಿ ಸೇರಿರುವ ಸ್ವಲೀನರಲ್ಲಿ ಗರ್ಭಕಾಲದ ಆಘಾತದಿಂದ ಬಂದವರನ್ನು ಇತರರಿಂದ ಪ್ರತ್ಯೇಕಿಸಲು, ವಂಶವಾಹಿಗಳ ಪರೀಕ್ಷೆಯ ಜೊತೆಗೆ, ಗೆರೆಗಳೂ ಸಹಾಯಕವಾಗಬಹುದು.

ಸಂಶೋಧನೆಯ ಈ ಎಚ್ಚರಿಕೆಯ ಮಾತುಗಳಿಗೂ ಪೇಟೆಯಲ್ಲಿ ಕೇಳಿಬರುವ ಮಾತುಗಳಿಗೂ ಅಜಗಜಾಂತರವಿದೆ. ಡಿ.ಎಂ.ಐ.ಟಿ. ಎಂಬ ಹೆಸರಿನಿಂದ, ಮಗುವಿನ ಹತ್ತು ಬೆರಳುಗಳನ್ನು ಸ್ಕ್ಯಾನ್ ಮಾಡಿ, ಅಮೆರಿಕದ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುಬುದ್ಧಿಯ ಸಿದ್ಧಾಂತದ ಹೆಸರನ್ನು ಬಳಸಿಕೊಂಡು, ಮಗುವಿನ ಬುದ್ಧಿ, ಸ್ವಭಾವ, ಓದು, ಮುಂದಿನ ವೃತ್ತಿಗಳನ್ನೆಲ್ಲ ವರ್ಣರಂಜಿತವಾದ ವರದಿಯಲ್ಲಿ ಬರೆದುಕೊಡುವ ವ್ಯಾಪಾರವೊಂದು ಭಾರತದ ನಗರಗಳಲ್ಲಿ ಹಬ್ಬಿದೆ. ಪ್ರತಿಯೊಂದು ಬೆರಳೂ ಮೆದುಳಿನ ಒಂದೊಂದು ಭಾಗವನ್ನು ಪ್ರತಿನಿಧಿಸುತ್ತದೆಂಬ ಅದರ ಆಧಾರವಾಕ್ಯಕ್ಕೆ ಭ್ರೂಣಶಾಸ್ತ್ರದಲ್ಲಿಯಾಗಲಿ ನರಶಾಸ್ತ್ರದಲ್ಲಿಯಾಗಲಿ ಪ್ರಮಾಣವಿಲ್ಲ. ಭಾರತೀಯ ಮನೋವೈದ್ಯರ ಸಂಘವೂ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಹೇಳಿದೆ. ಮಾತು ತಡವಾದ ಮಗುವನ್ನು ಎತ್ತಿಕೊಂಡು ದಿಕ್ಕುತೋಚದೆ ಅಲೆಯುವ ತಂದೆತಾಯಿಗಳಿಂದ ಇಂತಹ ವರದಿಗಾಗಿ ಹಣ ವಸೂಲು ಮಾಡುವುದು ವಿದ್ಯೆಯ ಹೆಸರಿನಲ್ಲಿ ನಡೆಯುವ ವಂಚನೆಯೆಂಬುದು ಈ ಲೇಖಕನ ನಿಶ್ಚಿತವಾದ ಅಭಿಪ್ರಾಯ.

ಸ್ವಲೀನತೆಯನ್ನು ನಿರ್ಣಯಿಸುವುದು ಇಂದಿಗೂ ಮಗುವಿನ ನಡವಳಿಕೆಯನ್ನು ನೋಡಿಯೇ. ಭಾರತದಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಬಳಸುವ 40 ಅಂಶಗಳ ಭಾರತೀಯ ಮಾಪನದಲ್ಲಿ ಮಾತು, ಬೆರೆಯುವಿಕೆ, ಭಾವ, ಇಂದ್ರಿಯಸಂವೇದನೆಗಳಿಗೆ ಸ್ಥಾನವಿದೆ. ಬೆರಳ ಗೆರೆಗಳಿಗೆ ಇಲ್ಲ. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿರುವುದು, ಒಂದೂವರೆ ವರ್ಷವಾದರೂ ತನಗೆ ಬೇಕಾದುದನ್ನು ಬೆರಳಿನಿಂದ ತೋರಿಸದಿರುವುದು, ಕಲಿತ ಮಾತುಗಳನ್ನು ಕಳೆದುಕೊಳ್ಳುವುದು ಇವುಗಳಲ್ಲಿ ಯಾವುದನ್ನು ಕಂಡರೂ ಮಗುವನ್ನು ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸ್ಥಾಪಿತವಾದ ಜಿಲ್ಲಾ ಶೀಘ್ರ ಚಿಕಿತ್ಸಾ ಕೇಂದ್ರಗಳು ಇಂತಹ ಮಕ್ಕಳನ್ನು ಪರೀಕ್ಷಿಸುತ್ತವೆ. ಕೈಯ ಅಚ್ಚಿಗಾಗಿ ವೆಚ್ಚ ಮಾಡುವ ಮೊದಲು ತಂದೆತಾಯಿಗಳು ಅಲ್ಲಿಗೆ ಹೋಗಬೇಕು.